ಇಂಗ್ಲಿಷ್ ಟೀಚರ್ ಆಗಿ ಹೊರಡುವ ಮೊದಲು ಮಕ್ಕಳ ತರಗತಿ ಎಣಿಸಿ

ಸಾಗರದ ಮೇಡಂ, ಇಂಗ್ಲಿಷ್ ಟೀಚರ್ ಆಗಿ ಮಕ್ಕಳನ್ನೂ ಕರೆದುಕೊಂಡು ಥಾಯ್ಲೆಂಡಿನಂಥ ಹೊರದೇಶಕ್ಕೆ ಹೋಗಬಹುದಾ ಅನ್ನುವ ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಬಂದ ಉತ್ತರಗಳನ್ನೆಲ್ಲ ಕೂತು ಓದಿದೆ. ಸಂಬಳ ಎಷ್ಟು, ಬಾಡಿಗೆ ಎಷ್ಟು, ಬ್ಯಾಂಕಾಕಿನಲ್ಲಿ ನಮ್ಮ ಅಡಿಗೆಗೆ ಸಾಮಾನು ಸಿಗುತ್ತಾ, ಇದೇ ಜಾಸ್ತಿ ಇದೆ. ತೆಂಗು, ಬಾಳೆ, ಹಲಸು, ಮಾವು ಎಲ್ಲ ಅಲ್ಲೂ ಬೆಳೆಯುತ್ತವೆ. ಅಡಿಗೆಮನೆ ಚಿಂತೆ ಬಿಡಿ. ಮಗಳು ಐದನೇ ಕ್ಲಾಸು ಮುಗಿಸಿದ್ದಾಳೆ, ಮಗ ಯುಕೆಜಿ ಅಂತ ನೀವು ಬರೆದ ಒಂದು ಸಾಲನ್ನು ಯಾರೂ ಸರಿಯಾಗಿ ನೋಡಿದ ಹಾಗಿಲ್ಲ. ನನಗೆ ಕಂಡದ್ದು ಅದೇ.

ನಾನೂ ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದವಳು. ಆಮೇಲೆ ಥಾಯ್ಲೆಂಡಿನಲ್ಲಿ ಕೆಲವು ವರ್ಷ ಅದೇ ಕೆಲಸ ಮಾಡಿ, ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ವಾಪಸ್ ಬಂದೆವು. ಈಗ ಇಲ್ಲೇ ವಿನೋಬನಗರದಲ್ಲಿದ್ದೇವೆ. ನೇರವಾಗಿ ಹೇಳಿಬಿಡುತ್ತೇನೆ: ಸಾಫ್ಟ್‌ವೇರಿನವರು, ನರ್ಸ್‌ಗಳು ಹೊರಗೆ ಹೋಗಿ ಅಲ್ಲೇ ನೆಲೆ ನಿಲ್ಲುವ ಹಾಗೆ ಇಂಗ್ಲಿಷ್ ಟೀಚರ್ ನಿಲ್ಲುವುದು ಕಷ್ಟ. ಕರಾರು ವರ್ಷದ್ದು, ವೀಸಾ ವರ್ಷದ್ದು. ಆಡಳಿತದವರು ಬದಲಾದರೆ ಮುಂದಿನ ವರ್ಷದ ಮಾತೇ ಬೇರೆ. ಹಾಗಾಗಿ ಮಕ್ಕಳನ್ನು ವಾಪಸ್ ಬರುವ ಮಕ್ಕಳು ಅಂತಲೇ ಬೆಳೆಸಬೇಕು. ಶಾಲೆ, ಭಾಷೆ, ರಜೆ ಎಲ್ಲದರ ತೀರ್ಮಾನವೂ ಆ ಲೆಕ್ಕದ ಮೇಲೇ.

ನಮಗೆ ತೆರೆದಿರುವ ಬಾಗಿಲುಗಳಾದರೂ ಎಷ್ಟು? ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಇ-2 ಅಂತ ವೀಸಾ ಇದೆ. ಅದು ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತ-ಕೊರಿಯಾ ವ್ಯಾಪಾರ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ನಮ್ಮವರಿಗೂ ಒಂದು ಕಿಂಡಿ ಬಿಟ್ಟಿದ್ದಾರೆ. ಇಂಗ್ಲಿಷ್‌ನಲ್ಲಿ ಪದವಿ, ಜೊತೆಗೆ ಶಿಕ್ಷಕರ ಅರ್ಹತಾ ಪತ್ರ ಇದ್ದವರು ಸಹಾಯಕ ಶಿಕ್ಷಕರಾಗಿ ಹೋಗಬಹುದು. ಇಂಗ್ಲೆಂಡಿನದು ಇನ್ನೂ ತಮಾಷೆ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಅಲ್ಲಿನ ಶಿಕ್ಷಕ ಮಾನ್ಯತೆಗೆ ನೇರ ಅರ್ಜಿ ಹಾಕಬಹುದು ಅಂತಾಯಿತು. ಆದರೆ ನಮ್ಮ ದೇಶದವರಿಗೆ ತೆರೆದದ್ದು ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್ ಬಿಟ್ಟು ಇತರ ಭಾಷೆಗಳು. ನಿಮ್ಮ ಶಾಲೆಯ ಫಿಸಿಕ್ಸ್ ಮೇಷ್ಟ್ರಿಗೆ ದಾರಿ ಇದೆ, ಇಂಗ್ಲಿಷ್ ಮೇಡಂಗೆ ಇಲ್ಲ!

ಉಳಿದದ್ದು ಗಲ್ಫ್‌ನ ಭಾರತೀಯ ಶಾಲೆಗಳು ಮತ್ತು ಥಾಯ್ಲೆಂಡಿನಂಥ ದೇಶಗಳು. ಗಲ್ಫ್‌ನಲ್ಲಿ ಬಿ.ಎಡ್‌ಗೆ ಬೆಲೆ ಇದೆ, ಸಿಬಿಎಸ್‌ಇ ಪಾಠ, ಹೆಚ್ಚು ಕಡಿಮೆ ಇಲ್ಲಿನದೇ ಸ್ಟಾಫ್ ರೂಮು. ಅಲ್ಲಿನ ವಿಷಯ ಗುಂಪಿನಲ್ಲಿ ಮಸ್ಕತ್‌ನ ಅಣ್ಣ ಚೆನ್ನಾಗಿ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಥಾಯ್ಲೆಂಡಿನಲ್ಲಿ ‘ನೇಟಿವ್ ಸ್ಪೀಕರ್ ಮಾತ್ರ’, ಅಂದರೆ ಇಂಗ್ಲಿಷ್ ಮನೆಮಾತಾದವರು ಮಾತ್ರ ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ. ಒಂದೇ ಕ್ಲಾಸು, ಒಂದೇ ಪುಸ್ತಕ, ಲಂಡನ್ನಿನ ಹುಡುಗನಿಗೆ ಒಂದು ಸಂಬಳ, ನಮಗೂ ಫಿಲಿಪೀನ್ಸ್‌ನವರಿಗೂ ಇನ್ನೊಂದು. ಇದು ಅನ್ಯಾಯ. ಬೇಜಾರು ಮಾಡಿಕೊಂಡು ಕೂತರೆ ಮಾತ್ರ ಕೆಲಸ ಆಗುವುದಿಲ್ಲ, ಡೆಮೊ ಕ್ಲಾಸಿನಲ್ಲೇ ತೋರಿಸಬೇಕು.

ತೋರಿಸುವುದಕ್ಕೆ ನಮ್ಮ ಹತ್ತಿರ ಬಂಡವಾಳ ಇದೆ. ನಮ್ಮ ಹಳ್ಳಿ ಮಕ್ಕಳು ಇಂಗ್ಲಿಷ್ ಪದದ ಕೊನೆಗೆ ಒಂದು ಉಕಾರ ಸೇರಿಸುತ್ತಾರೆ, ಬಸ್ಸು, ಬಾಲು, ಸ್ಕೂಲು. ಥಾಯ್ ಮಕ್ಕಳದ್ದು ತಿರುಗಾಮುರುಗಾ. ಅವರ ಭಾಷೆಯಲ್ಲಿ ಪದದ ಕೊನೆಗೆ ‘ಸ್’ ನಿಲ್ಲುವುದಿಲ್ಲ, ‘ಲ್’ ಕೂಡ ನಿಲ್ಲುವುದಿಲ್ಲ. ‘ಬಸ್’ ಹೋಗಿ ‘ಬಟ್’ ಆಗುತ್ತದೆ, ‘ಬಾಲ್’ ಹೋಗಿ ‘ಬಾನ್’, ‘ಸ್ಕೂಲ್’ ಹೋಗಿ ‘ಸಕೂನ್’. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದ ಹುಡುಗ ಅದನ್ನು ಇಪ್ಪತ್ತು ಸಲ ‘ಬಸ್, ಬಸ್’ ಅಂತ ತಿದ್ದುತ್ತಾನೆ, ಅಷ್ಟೆ. ಯಾಕೆ ಹೀಗಾಗುತ್ತದೆ ಅಂತ ಅವನಿಗೆ ಹೊಳೆಯುವುದು ಕಡಿಮೆ. ನಾವು ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದವರು. ನಾಲಿಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತು. ಹಾವಿನ ಹಾಗೆ ‘ಸ್ಸ್ಸ್’ ಅಂತ ಎಳೆಯಿಸಿ, ಅದಕ್ಕೆ ಮುಂದಿನ ಪದ ಅಂಟಿಸಿ ಹೇಳಿಸಿದರೆ ವಾರದಲ್ಲಿ ಸರಿಹೋಗುತ್ತದೆ. ತರಬೇತಿಗೆ ದುಡ್ಡು ಹಾಕುವುದಾದರೆ ಕೇಂಬ್ರಿಜ್‌ನವರ ಸೆಲ್ಟಾ ಮಾಡಿ. 120 ಗಂಟೆಯ ಕೋರ್ಸು, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿ ಪರೀಕ್ಷಕರ ಕೈಲಿ ಬೈಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಟೆಫಲ್ (ಇಂಗ್ಲಿಷ್ ಬೋಧನೆಯ) ಸರ್ಟಿಫಿಕೇಟಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಬೈಗುಳವೇ.

ಥಾಯ್ಲೆಂಡಿನಲ್ಲಿ ಟೀಚರಿಗೆ ಮರ್ಯಾದೆ ಇದೆಯಾ ಅಂತ ಕೇಳಿದ್ದಿರಿ. ಇದೆ, ನಮ್ಮಲ್ಲಿ ಈಗ ಉಳಿದಿರುವುದಕ್ಕಿಂತ ಜಾಸ್ತಿ. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ, ಸಾಮಾನ್ಯವಾಗಿ ಜೂನ್‌ನಲ್ಲಿ, ಒಂದು ಗುರುವಾರ ‘ವಾಯ್ ಕ್ರೂ’ ಅಂತ ಗುರುವಂದನೆ ಮಾಡುತ್ತಾರೆ. ಮೇಷ್ಟ್ರುಗಳೆಲ್ಲ ವೇದಿಕೆ ಮೇಲೆ ಸಾಲಾಗಿ ಕೂರಬೇಕು. ಒಂದೊಂದು ಕ್ಲಾಸಿನಿಂದ ಮಕ್ಕಳು ಮಂಡಿಯೂರಿ ತೆವಳಿಕೊಂಡು ಬಂದು ಹೂವಿನ ತಟ್ಟೆ ಕೊಟ್ಟು ಅಡ್ಡಬೀಳುತ್ತಾರೆ. ಮೊದಲ ಸಲ ತಟ್ಟೆ ನನ್ನ ಕೈಗೆ ಬಂದಾಗ ಬಗ್ಗಿ ನೋಡುತ್ತೇನೆ, ನಮ್ಮ ಹುಲ್ಲು ಬ್ಯಾಣದಲ್ಲಿ ಸಿಗುವ ಕೇಪಳ ಹೂವು, ಗಣಪತಿಗೆ ಏರಿಸುವ ಗರಿಕೆ, ಬದನೆ ಹೂವು, ಒಂದು ಹಿಡಿ ಅರಳು! ಕೇಪಳದ ಮೊಗ್ಗಿನ ಹಾಗೆ ಬುದ್ಧಿ ಚೂಪಾಗಲಿ, ಗರಿಕೆಯ ಹಾಗೆ ತುಳಿದರೂ ಚಿಗುರಲಿ, ಬದನೆ ಹೂವಿನ ಹಾಗೆ ತಲೆ ಬಗ್ಗಿರಲಿ ಅಂತ ಅದರ ಅರ್ಥವಂತೆ. ಪಕ್ಕದಲ್ಲಿ ಕೂತಿದ್ದ ಆಸ್ಟ್ರೇಲಿಯಾದವನು ಕಾಲು ಎಲ್ಲಿ ಇಡುವುದು ಅಂತ ತಿಳಿಯದೆ ಒದ್ದಾಡುತ್ತಿದ್ದ. ಇಂಥ ಕಡೆ ನಮ್ಮ ಮಕ್ಕಳೂ ಬೇಗ ಹೊಂದಿಕೊಳ್ಳುತ್ತಾರೆ. ನನ್ನ ಮಗಳು ಈಗಲೂ ಅಂಗಡಿಯವರಿಗೆ ಕೈ ಮುಗಿದೇ ಸಾಮಾನು ತಗೊಳ್ಳುವುದು.

ಈಗ ಮಕ್ಕಳ ತರಗತಿಯ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಸಿಇಟಿ ಸರ್ಕಾರಿ ಸೀಟಿಗೆ ಹೆಚ್ಚಿನವರು ಬಳಸುವ ಅರ್ಹತೆ ಅಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ನಿಮ್ಮ ಮಗಳಿಗೆ ಈಗಾಗಲೇ 5 ವರ್ಷ ಜಮಾ ಆಗಿದೆ. ಪಿಯುಸಿಗೆ ಬಂದರೂ 7 ತುಂಬುತ್ತದೆ. ಮಗನ ಖಾತೆಯಲ್ಲಿ ಸೊನ್ನೆ. ಅವನು ಆರನೇ ಕ್ಲಾಸಿಗೆ ಇಲ್ಲಿರಬೇಕು, ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಬೇರೆ ಕಲಮುಗಳೂ ಇವೆ, ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೈಪಿಡಿ ತೆಗೆದು ನೋಡಿ. ಇನ್ನು ಸಿಬಿಎಸ್‌ಇ ಆದರೆ ಒಂಬತ್ತನೇ ತರಗತಿಯಲ್ಲೇ ಬೋರ್ಡಿಗೆ ಹೆಸರು ನೋಂದಣಿ ಆಗುತ್ತದೆ. ಹತ್ತಕ್ಕೆ ನೇರವಾಗಿ ತಂದು ಸೇರಿಸುತ್ತೇನೆ ಅಂದರೆ ಪ್ರಿನ್ಸಿಪಾಲರ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಮಗಳ ಮಟ್ಟಿಗೆ, ಬಂದರೆ ಎಂಟಕ್ಕೆ ಬನ್ನಿ, ಇಲ್ಲವೇ ಹತ್ತು ಮುಗಿಸಿಕೊಂಡು ಬನ್ನಿ.

ಹೊರದೇಶದಲ್ಲೇ ಮಗು ಹುಟ್ಟುವುದರಲ್ಲಿದೆ ಅಂತ ಗುಂಪಿನಲ್ಲಿ ಇನ್ನೊಬ್ಬ ತಂಗಿ ಬರೆದಿದ್ದಳಲ್ಲ, ಅವಳಿಗೆ ಒಂದೇ ಮಾತು. ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸು. ಪೌರತ್ವದ ವಿಷಯ ಅದು, ಬಾಣಂತನದ ಗಡಿಬಿಡಿಯಲ್ಲಿ ಮರೆಯಬೇಡ.

‘ಇಂಗ್ಲಿಷ್ ಟೀಚರ್ ಮನೇಲಿ ಇಂಗ್ಲಿಷ್ ಮಾತಾಡದಿದ್ದರೆ ಹೇಗೆ’ ಅಂತ ಒಬ್ಬರು ಬರೆದಿದ್ದಾರೆ. ಇಂಗ್ಲಿಷ್‌ನಿಂದಲೇ ಅನ್ನ ತಿಂದವಳಾಗಿ ಹೇಳುತ್ತೇನೆ, ಅದನ್ನು ಶಾಲೆಗೆ ಬಿಡಿ. ಹೊರಗಿನ ದೇಶದಲ್ಲಿ ಮಗುವಿಗೆ ಇಂಗ್ಲಿಷ್ ತಾನಾಗಿ ಬರುತ್ತದೆ, ಥಾಯ್ ಆಟದ ಮೈದಾನದಲ್ಲಿ ಬರುತ್ತದೆ. ತಾನಾಗಿ ಬರದೆ ಇರುವುದು ಕನ್ನಡ ಒಂದೇ. ಇದು ಬರೀ ಅಭಿಮಾನದ ಮಾತಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡವನ್ನು ಮೊದಲ ಇಲ್ಲವೇ ಎರಡನೇ ಭಾಷೆಯಾಗಿ ಕಲಿಸಬೇಕು. ಕೋರ್ಟಿನಲ್ಲಿ ತಕರಾರು ಇದೆ, ಇರಲಿ. ರಾಜ್ಯ ಪಠ್ಯಕ್ಕೆ ಸೇರಿಸಿದರಂತೂ ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಭಾಷೆಗೆ 125 ಅಂಕ, ಬೇರೆ ಯಾವ ವಿಷಯಕ್ಕೂ ಅಷ್ಟಿಲ್ಲ. ವಾಪಸ್ ಬಂದ ಮಗು ಗಣಿತದಲ್ಲಿ ಬೀಳುವುದಿಲ್ಲ, ಒತ್ತಕ್ಷರದಲ್ಲಿ ಬೀಳುತ್ತದೆ.

ನಮ್ಮ ಮಕ್ಕಳ ಕನ್ನಡ ಮಾತು ಉಳಿಸಿದ್ದು ನಾನಲ್ಲ, ನಮ್ಮತ್ತೆ. ಥಾಯ್ಲೆಂಡ್ ಇಲ್ಲಿಗಿಂತ ಒಂದೂವರೆ ಗಂಟೆ ಮುಂದೆ. ಮಕ್ಕಳ ಊಟ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ದೀಪ ಹಚ್ಚಿ ಆಗಿರುತ್ತಿತ್ತು. ಸುಗ್ಗಿ ಕಾಲದಲ್ಲಿ ಅತ್ತೆ ಮೊಬೈಲನ್ನು ಅಡಿಕೆ ಬುಟ್ಟಿಗೆ ಒರಗಿಸಿ, ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಲೇ ಮಾತಾಡುವುದು. ಮೊಮ್ಮಕ್ಕಳ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ‘ಏನು ಓದಿದೆ, ಎಷ್ಟು ಮಾರ್ಕ್ಸು’ ಅಂತ ಕೇಳಿದ್ದೇ ಇಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರಲಿಲ್ಲ, ಮಂಗ ಬಂದು ಏಲಕ್ಕಿ ಬಾಳೆ ಹಾಳು ಮಾಡಿತು, ಯಾರ ಮನೆ ದನ ಬೇಲಿ ಹಾರಿತು, ಇದೇ ಸುದ್ದಿ. ನನ್ನ ಮಗ ‘ಆಮೇಲೆ, ಅಜ್ಜಿ?’ ಅಂತ ಕೇಳಿ ಕೇಳಿ ಕನ್ನಡ ಕಲಿತ. ಅತ್ತೆಗೆ ಇಂಗ್ಲಿಷ್ ಬಾರದೆ ಇದ್ದದ್ದು ದೊಡ್ಡ ಉಪಕಾರ. ಮಳೆಗಾಲದಲ್ಲಿ ಮಾತ್ರ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಜುಲೈ ಪೂರ್ತಿ ಅಜ್ಜಿ ರಜೆ.

ಬರವಣಿಗೆಗೆ ಬೇರೆ ದಾರಿ ಬೇಕು. ವಾರಕ್ಕೊಮ್ಮೆ ನಡೆಯುವ ಕನ್ನಡ ಕ್ಲಾಸಿದ್ದರೆ ಸೇರಿಸಿ, ಅಕ್ಷರ ತಿದ್ದುವುದಕ್ಕೆ ಸಾಕು. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಮಗಳ ತರಗತಿಯದ್ದನ್ನೇ ಪ್ರಿಂಟ್ ಹಾಕಿಸಿಕೊಂಡು ಹೋಗಿ. ನಿಮ್ಮೊಳಗಿನ ಟೀಚರ್ ಕೆಂಪು ಪೆನ್ನು ಹಿಡಿದು ಕೂರದಂತೆ ನೋಡಿಕೊಳ್ಳಿ. ಅಜ್ಜಿಗೆ ಬರೆದ ಪತ್ರದಲ್ಲಿ ಳ ಇರುವ ಕಡೆ ಲ ಬಂದಿದ್ದರೆ ಬರಲಿ, ಅಂಚೆಗೆ ಹಾಕಿ.

ರಜೆ ವಿಷಯ ಯಾರೂ ಎತ್ತಲಿಲ್ಲ, ನನಗೆ ಇದು ಸಂಬಳಕ್ಕಿಂತ ದೊಡ್ಡದು. ಗಲ್ಫ್‌ನ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಜೂನ್, ಜುಲೈ ಸುಮಾರಿಗೆ. ಆಗ ಮಲೆನಾಡಿನಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಓರಗೆಯ ಮಕ್ಕಳೆಲ್ಲ ಶಾಲೆಯಲ್ಲಿ. ಮಗು ಜಗಲಿ ಮೇಲೆ ಕೂತು ಮೊಬೈಲು ನೋಡಿ ವಾಪಸ್ ಹೋಗುತ್ತದೆ. ಥಾಯ್ ಶಾಲೆಗಳಿಗೆ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ರಜೆ, ನಮ್ಮ ಬೇಸಿಗೆ ರಜೆಗೆ ಹೊಂದುತ್ತದೆ. ಅಪ್ಪೆಮಿಡಿ, ಹಲಸಿನ ಹಪ್ಪಳ, ಹೊಳೆ ಈಜು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಜೊತೆ ಜಗಳ. ಜಗಳ ಆಡುವಷ್ಟು ಕನ್ನಡ ಬಂದರೆ ಮುಂದಿನದು ಸುಲಭ. ದೂರದ ಮಾತಿಗೆ ಬಂದರೆ, ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಸಾಗರದಿಂದ ಬೆಂಗಳೂರಿಗೇ ಅದಕ್ಕಿಂತ ಜಾಸ್ತಿ ಬೇಕು, ಅಲ್ವಾ?

ಕಾಗದ ಪತ್ರ ಈಗಲೇ ಶುರು ಮಾಡಿ. ನಮ್ಮಲ್ಲಿ ಬಹಳ ಜನ ಅಂಕಪಟ್ಟಿ ಇಟ್ಟುಕೊಂಡಿರುತ್ತಾರೆ, ಘಟಿಕೋತ್ಸವದ ಪ್ರಮಾಣಪತ್ರ ತಗೊಂಡೇ ಇರುವುದಿಲ್ಲ. ನಿಮ್ಮದೂ ಕುವೆಂಪು ವಿಶ್ವವಿದ್ಯಾಲಯದ್ದಾದರೆ ಶಂಕರಘಟ್ಟಕ್ಕೆ ಮೊದಲು ಹೋಗಿ ಬನ್ನಿ. ಆಮೇಲೆ ರಾಜ್ಯದ, ವಿದೇಶಾಂಗ ಸಚಿವಾಲಯದ ಮುದ್ರೆ, ಪಾಸ್‌ಪೋರ್ಟ್ ಸೇವಾದಿಂದ ಪೊಲೀಸ್ ಕ್ಲಿಯರೆನ್ಸ್. ಥಾಯ್ಲೆಂಡಿನಲ್ಲಿ ನಮ್ಮಂಥವರಿಗೆ ಸಾಮಾನ್ಯವಾಗಿ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 600 ಅಂಕ ಕೇಳುತ್ತಾರೆ, ನಿಮಗೆ ಅದು ಕಷ್ಟವಲ್ಲ. ನಿಮಗೆ ನಾನ್-ಇಮಿಗ್ರೆಂಟ್ ಬಿ ವೀಸಾ, ಮನೆಯವರಿಗೆ, ಮಕ್ಕಳಿಗೆ ಒ ವೀಸಾ. 90 ದಿನಕ್ಕೊಮ್ಮೆ ಎಲ್ಲಿದ್ದೇವೆ ಅಂತ ಇಮಿಗ್ರೇಷನ್ನಿಗೆ ತಿಳಿಸಬೇಕು. ಊರಿಗೆ ಬರುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸದಿದ್ದರೆ ವೀಸಾ ಅಲ್ಲಿಗೇ ರದ್ದು.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತದ ಪ್ರವಾಸಿಗಳನ್ನು ವೀಸಾ ಇಲ್ಲದೆ ಬಿಡುವುದಕ್ಕೆ ಶುರು ಮಾಡಿತಲ್ಲ, ಅದಾದ ಮೇಲೆ ‘ಮೊದಲು ಸುಮ್ನೆ ಹೋಗಿ ಪಾಠ ಶುರು ಮಾಡಿ, ಕಾಗದ ಆಮೇಲೆ’ ಅನ್ನುವ ಏಜೆಂಟರು ಹುಟ್ಟಿಕೊಂಡಿದ್ದಾರೆ. ಪ್ರವಾಸಿಯಾಗಿ ಹೋದವರು ಒಂದು ಪೀರಿಯಡ್ ಪಾಠ ಮಾಡಿದರೂ ಅದು ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಎತ್ತುವುದಿಲ್ಲ.

ಎಲ್ಲರೂ ಹೋದರೆ ಅಡಿಕೆ ತೋಟದ ಗತಿ ಏನು ಅಂತ ನಿಮ್ಮ ಯಜಮಾನರು ಕೇಳಿದ್ದಾರೆ. ಒ ವೀಸಾದಲ್ಲಿ ಅವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಥಾಯ್ ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಸರಿಯಾಗಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ತಯಾರಿ ಹೊತ್ತಿಗೆ. ಮೊದಲ ಟರ್ಮಿಗೆ ನೀವೊಬ್ಬರೇ ಹೋಗಿ. ಮಕ್ಕಳು ಇಲ್ಲಿನ ಶಾಲೆಯಲ್ಲೇ ಇರಲಿ, ಯಜಮಾನರು ಎರಡು ಸಲ ಔಷಧಿ ಹೊಡೆಸಿ ಮುಗಿಸಲಿ. ಅಕ್ಟೋಬರ್‌ನಲ್ಲಿ ನಿಮಗೂ ಟರ್ಮ್ ರಜೆ, ಇಲ್ಲೂ ದಸರಾ ರಜೆ. ಮೂವರೂ ಬಂದು ಊರು, ಶಾಲೆ, ಮನೆ ನೋಡಲಿ, ಮಗಳನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ. ಅಷ್ಟರೊಳಗೆ ವರ್ಕ್ ಪರ್ಮಿಟ್ ಕೈಗೆ ಬಂದಿರಬೇಕು. ಬಂದಿಲ್ಲ, ಶಾಲೆಯವರು ‘ಮುಂದಿನ ವಾರ’ ಅಂತಲೇ ಹೇಳುತ್ತಿದ್ದಾರೆ ಅಂದರೆ ಮನೆಯವರಿಗೆ ಟಿಕೆಟ್ ಮಾಡಿಸಬೇಡಿ, ನೀವೇ ದಸರಾಕ್ಕೆ ಊರಿಗೆ ಬಂದುಬಿಡಿ.