‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನೋರಿಗೆ ಖಿನ್ನತೆ ಬಗ್ಗೆ ಹೇಗೆ ತಿಳಿಸಿ ಹೇಳೋದು?

ತಾಲೂಕು_ಕಾರ್ಯಕರ್ತೆ:

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಖಿನ್ನತೆ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿದೆ. ಬರುವವರಲ್ಲಿ ಹೆಚ್ಚಿನವರು ಅತ್ತೆಯಂದಿರು, ತಾಯಂದಿರು. ಲಕ್ಷಣಗಳ ಪಟ್ಟಿ ಓದಿದರೆ ತಲೆಯಾಡಿಸ್ತಾರೆ, ಮನೆಗೆ ಹೋದ ಮೇಲೆ ಮತ್ತೆ ಅದೇ ಮಾತು: ‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ’, ‘ಕೈತುಂಬ ಕೆಲಸ ಇದ್ರೆ ಇವೆಲ್ಲ ಬರಲ್ಲ’, ‘ಒಂದು ಮದುವೆ ಮಾಡಿದ್ರೆ ಸರಿಹೋಗುತ್ತೆ’. ಇವರು ಕಲ್ಲುಮನಸ್ಸಿನವರಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವವರೇ. ಇದೊಂದನ್ನು ಮಾತ್ರ ಯಾಕೆ ಕಾಯಿಲೆ ಅಂತ ಒಪ್ಪಲ್ಲ? ಏನು ಹೇಳಿದರೆ ನಾಟುತ್ತೆ? ಈ ಕೆಲಸದಲ್ಲಿ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ವಾರ್ಡ್_ನರ್ಸ್:

ಪಟ್ಟಿಯಿಂದ ಶುರು ಮಾಡಬೇಡಿ ಮೇಡಂ. ಮನೆಯವರ ಕಣ್ಣಿಗೆ ಏನು ಕಾಣುತ್ತೆ ಅನ್ನೋದರಿಂದ ಶುರು ಮಾಡಿ. ಅವರು ಕಣ್ಣಾರೆ ಕಂಡದ್ದನ್ನು ನಂಬಿ ಮಾತಾಡ್ತಾರೆ, ತೊಡಕು ಇರೋದೇ ಅಲ್ಲಿ. ಹೊರಗಿನಿಂದ ನೋಡಿದರೆ ಖಿನ್ನತೆ ಥೇಟ್ ಸೋಮಾರಿತನದ ಹಾಗೇ ಕಾಣುತ್ತೆ.

ಬೆಳಗಿನ ಹೊತ್ತನ್ನೇ ತಗೊಳ್ಳಿ. ತೀವ್ರ ಖಿನ್ನತೆ ಇರುವ ಎಷ್ಟೋ ಜನಕ್ಕೆ ಮಾಮೂಲಿಗಿಂತ ಎರಡು ಗಂಟೆ ಮೊದಲೇ, ಮೂರು ಮೂರೂವರೆಗೆಲ್ಲ ಎಚ್ಚರ ಆಗಿಬಿಡುತ್ತೆ. ಮತ್ತೆ ನಿದ್ದೆ ಹತ್ತಲ್ಲ. ಬೆಳಕು ಹರಿಯೋ ಹೊತ್ತಿಗೆ ಮನಸ್ಸು ಇಡೀ ದಿನದಲ್ಲೇ ಅತಿ ಭಾರ. ಹೊದಿಕೆ ಸರಿಸಿ ಕಾಲು ನೆಲಕ್ಕಿಡೋಕೂ ಆಗಲ್ಲ. ಸಂಜೆಯಾಗ್ತಾ ಆ ಭಾರ ಸ್ವಲ್ಪ ಇಳಿಯುತ್ತೆ. ಇದು ಕಾಯಿಲೆಯ ಲಕ್ಷಣವೇ, ವೈದ್ಯರು ಕೇಳಿ ಬರೆದುಕೊಳ್ಳುವಂಥದ್ದು. ಆದರೆ ಅತ್ತೆಗೆ ಕಂಡದ್ದೇನು? ಅಂಗಳ ಗುಡಿಸೋ, ನೀರು ಹಿಡಿಯೋ, ತಿಂಡಿ ಮಾಡೋ ಹೊತ್ತಲ್ಲಿ ಸೊಸೆ ಮಲಗಿದ್ದಳು. ಕೆಲಸವೆಲ್ಲ ಮುಗಿದ ಮೇಲೆ ಎದ್ದು ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಿದಳು, ಒಮ್ಮೆ ನಕ್ಕಳು ಕೂಡ. ‘ನಾಟಕ’ ಅನ್ನೋಕೆ ಇನ್ನೇನು ಬೇಕು? ಸಭೆಯಲ್ಲಿ ಇದೊಂದನ್ನು ಬಿಡಿಸಿ ಹೇಳಿದರೂ ಅರ್ಧ ಕೆಲಸ ಆದ ಹಾಗೆ. (ಎಲ್ಲರಿಗೂ ಹೀಗೇ ಅಲ್ಲ. ಕೆಲವರಿಗೆ ನಿದ್ದೆ, ಹಸಿವು ಎರಡೂ ಹೆಚ್ಚಾಗುತ್ತೆ. ಅವರಿಗೆ ಬೈಗುಳ ಇನ್ನೂ ಜಾಸ್ತಿ.)

ಎರಡನೆಯದು ಗಮನ. ಒಲೆ ಮೇಲೆ ಹಾಲಿಟ್ಟು ಎದುರಿಗೇ ನಿಂತಿರ್ತಾರೆ, ಉಕ್ಕಿ ಒಲೆ ಆರಿದ ಮೇಲೆ ಗೊತ್ತಾಗುತ್ತೆ. ಸಾರಿಗೆ ಉಪ್ಪು ಹಾಕಿದೆನಾ ಇಲ್ಲವಾ ನೆನಪಿರಲ್ಲ. ಬೇಳೆ ಸಾರೋ, ಹುಳಿಯೋ ಅಂತ ತೀರ್ಮಾನ ಮಾಡೋಕಾಗದೆ ಡಬ್ಬಿಗಳ ಮುಂದೆ ಹತ್ತು ನಿಮಿಷ ನಿಂತೇ ಇರ್ತಾರೆ. ಏಕಾಗ್ರತೆ ಕುಗ್ಗೋದು, ನಿರ್ಧಾರ ತಗೊಳ್ಳೋಕೆ ಆಗದಿರೋದು ಕಾಯಿಲೆಯ ಭಾಗ. ಮನೆಯಲ್ಲಿ ಅದರ ಹೆಸರು ಉದಾಸೀನ.

ಮೂರನೆಯದು ‘ರಿಪೋರ್ಟ್ ನಾರ್ಮಲ್’. ನಮ್ಮಲ್ಲಿ ಖಿನ್ನತೆ ಬಹಳ ಸಲ ಮೈಯ ತೊಂದರೆಯಾಗಿ ಬರುತ್ತೆ: ಮೈಕೈ ನೋವು, ತಲೆ ಭಾರ, ಎದೆ ಹಿಡಿದ ಹಾಗೆ, ಸುಸ್ತು, ಗ್ಯಾಸ್ಟ್ರಿಕ್. ಇಸಿಜಿ, ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಮಾಡಿಸಿ ಸಾವಿರಾರು ರೂಪಾಯಿ ಖರ್ಚಾದ ಮೇಲೆ ಡಾಕ್ಟರು ‘ಏನೂ ಇಲ್ಲ’ ಅಂತಾರೆ. ಆ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ ಅನ್ನೋದಷ್ಟೇ ಅದರ ಅರ್ಥ. ಮನೆಯವರ ಕಿವಿಗೆ ಅದು ‘ಸುಳ್ಳು ಹೇಳ್ತಿದ್ದಾಳೆ’ ಅಂತ ಕೇಳುತ್ತೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸೋದು ಸರಿ, ಅವುಗಳ ಕೊರತೆಯೂ ಇದೇ ರೀತಿ ಸುಸ್ತು ಕೊಡುತ್ತೆ. ಅವೆಲ್ಲ ಸರಿ ಇದ್ದೂ ನೋವು, ಸುಸ್ತು ಹೋಗದಿದ್ದರೆ ಆಗ ಮನೋವೈದ್ಯರ ಹತ್ತಿರ ಹೋಗಬೇಕು. ಎಷ್ಟೋ ಮನೆಯವರು ‘ರಿಪೋರ್ಟ್ ನಾರ್ಮಲ್’ ಅನ್ನೋ ಕಡೆಗೇ ನಿಲ್ಲಿಸಿಬಿಡ್ತಾರೆ.

ಧಾರವಾಡ_ಕೌನ್ಸಿಲರ್:

ಸಿಸ್ಟರ್ ಹೇಳಿದ್ದು ಖರೆ. ನಾನು ಶಬ್ದದ ಬಗ್ಗೆ ಒಂದು ಮಾತು ಸೇರಸ್ತೀನಿ. ಸಿನಿಮಾ ಟಿಕೆಟ್ ಸಿಗಲಿಲ್ಲ ಅಂದ್ರೂ ‘ಬೇಜಾರು’, ಅಣ್ಣ ಮದುವಿಗೆ ಕರೀಲಿಲ್ಲ ಅಂದ್ರೂ ‘ಬೇಜಾರು’, ಆರು ತಿಂಗಳಿಂದ ಬದುಕೇ ಬ್ಯಾಡ ಅನಸಿದ್ರೂ ‘ಬೇಜಾರು’. ನಮ್ಮ ಕಡೆ ‘ಬ್ಯಾಸರ ಆಗೇತಿ’. ಹೇಳಾಂವ ಮೂರನೇದ್ದು ಹೇಳ್ತಿರ್ತಾನ, ಕೇಳಾಂವ ಮೊದಲನೇದ್ದು ಕೇಳಸ್ಕೋತಾನ. ಅದಕ್ಕ ‘ಎಲ್ಲರ ತಿರಗ್ಯಾಡಿ ಬಾ’ ಅನ್ನೋ ಉತ್ತರ. ‘ಖಿನ್ನತೆ’ ಅನ್ನೋ ಶಬ್ದ ಪೇಪರಿನ್ಯಾಗ ಐತಿ, ಅಡಗೀಮನ್ಯಾಗ ಇಲ್ಲ.

ಸಭಾದಾಗ ‘ಮಂಕು’ ಅನ್ನೋ ಶಬ್ದ ಬಳಸ್ರಿ. ‘ಮಂಕು ಬಡದೋರಂಗ ಕುಂತಾಳ’ ಅಂತ ಮುದುಕ್ಯಾರು ಮೊದಲಿಂದ್ಲೂ ಅಂತಾರ. ‘ನಮ್ಮ ಕಾಲದಾಗ ಇತ್ತೇನು’ ಅಂತ ಕೇಳಿದ್ರ ಅದನ್ನ ನೆನಪು ಮಾಡಿಕೊಡ್ರಿ. ನೋಡಿದ್ರು, ಹೆಸರೂ ಇಟ್ಟಿದ್ರು. ಗಾಳಿ ಸೋಕೇತಿ ಅಂತ ತಾಯತ ಕಟ್ಟಿಸಿದ್ರು, ಆಸ್ಪತ್ರಿಗೆ ಕರಕೊಂಡು ಹೋಗಲಿಲ್ಲ, ಅಷ್ಟ.

ಅಳತೆಗೋಲು ಎರಡು ವಾರ. ದಿನದ ಬಹುಪಾಲು, ಹೆಚ್ಚುಕಮ್ಮಿ ದಿನಾ, ಮನಸ್ಸು ಕುಗ್ಗಿರೋದು ಇಲ್ಲಾ ಮೊದಲು ಖುಷಿ ಕೊಡ್ತಿದ್ದ ಯಾವುದೂ ಬ್ಯಾಡ ಅನಸೋದು. ಜೋಡಿಗೆ ನಿದ್ದಿ, ಹಸಿವು, ಶಕ್ತಿ, ಗಮನ ಇವುಗಳಾಗ ಏರುಪೇರು, ದಿನದ ಕೆಲಸಕ್ಕ ತೊಡಕು. ಸಾಲ ಆತು, ಬೆಳಿ ಹೋತು ಅಂತ ಎರಡು ದಿನ ಅತ್ತು, ಮೂರನೇ ದಿನ ಹೊಲಕ್ಕ ಹೋದ್ರ ಅದು ದುಃಖ, ರೋಗ ಅಲ್ಲ. ಇದನ್ನೂ ಹೇಳ್ರಿ, ಇಲ್ಲಾಂದ್ರ ಎಲ್ಲಾದಕ್ಕೂ ಡಿಪ್ರೆಶನ್ ಅಂತಾರ ಅನ್ನೋ ಆಕ್ಷೇಪ ಬರ್ತೈತಿ.

ತಾಲೂಕು_ಕಾರ್ಯಕರ್ತೆ:

ಮಂಕು ಅನ್ನೋ ಪದ ಹೊಳೆದೇ ಇರಲಿಲ್ಲ, ತುಂಬಾ ಧನ್ಯವಾದ. ಇನ್ನೆರಡು ಅನುಮಾನ. ‘ಮಾತ್ರೆ ತಗೊಂಡ್ರೂ ಏನೂ ಆಗಲಿಲ್ಲ, ಚಟ ಆಗುತ್ತೆ’ ಅಂತಾರೆ, ಅದಕ್ಕೇನು ಹೇಳಲಿ? ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನೋದರ ಬದಲು ಏನು ಹೇಳಿ ಅಂತ ಕಲಿಸಲಿ?

ಔಷಧ_ವಿವರ:

ಮಾತ್ರೆಯ ಬಗ್ಗೆ ನಾನು ಬರೀತೀನಿ. ತಪ್ಪು ತಿಳಿವಳಿಕೆ ಹುಟ್ಟೋದು ಮೊದಲ ಹದಿನೈದು ದಿನದಲ್ಲಿ. ಸರ್ಟ್ರಾಲಿನ್, ಎಸಿಟಾಲೋಪ್ರಾಮ್, ಫ್ಲುವೊಕ್ಸೆಟಿನ್ ಥರದ ಖಿನ್ನತೆಯ ಮಾತ್ರೆಗಳಲ್ಲಿ ವಾಕರಿಕೆ, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮ ಮೊದಲ ವಾರದಲ್ಲೇ ಬರುತ್ತೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ. ಪ್ಯಾರಾಸಿಟಮಾಲ್ ಅರ್ಧ-ಒಂದು ಗಂಟೆಯಲ್ಲಿ ಜ್ವರ ಇಳಿಸೋದನ್ನು ಕಂಡವರು ಹತ್ತನೇ ದಿನಕ್ಕೆ ‘ಇದು ಆಗಿಬರಲಿಲ್ಲ’ ಅಂತ ನಿಲ್ಲಿಸಿಬಿಡ್ತಾರೆ. ಇನ್ನೊಂದು ತಪ್ಪು ಮೂರನೇ ತಿಂಗಳಲ್ಲಿ: ಚೆನ್ನಾಗಿದ್ದಾಳೆ, ಇನ್ಯಾಕೆ ಮಾತ್ರೆ ಅಂತ ಬಿಡಿಸೋದು. ಮೊದಲ ಸಲದ ಖಿನ್ನತೆಗೂ, ಪೂರ್ತಿ ಗುಣವಾದ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು; ಆಮೇಲೆ ವೈದ್ಯರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ದಿಢೀರನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ವಿಚಿತ್ರ ಕನಸು ಬರಬಹುದು. ಅದನ್ನೇ ಜನ ‘ಚಟ’ ಅಂತ ತಿಳಿಯೋದು. ಚಟ ಆಗೋ ಅಪಾಯ ಇರೋದು ಆಲ್‌ಪ್ರಜೋಲಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದಾಗ. ಈ ಎರಡು ಬಗೆಯ ಮಾತ್ರೆ ಬೇರೆಬೇರೆ ಅಂತ ಬಿಡಿಸಿ ಹೇಳಿ.

ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪು, ಅತಿ ಮಾತು, ಅತಿ ಖರ್ಚು ಇದ್ದಿದ್ದರೆ ಮನೆಯವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಆಗ ಔಷಧವೇ ಬೇರೆ.

ವಾರ್ಡ್_ನರ್ಸ್:

ಎರಡನೇ ಪ್ರಶ್ನೆಗೆ. ‘ಗಟ್ಟಿ ಮಾಡ್ಕೋ’ ಅನ್ನೋದು ಯಾಕೆ ಕೆಲಸ ಮಾಡಲ್ಲ ಅಂದರೆ, ‘ನಾನು ಯಾವುದಕ್ಕೂ ಪ್ರಯೋಜನ ಇಲ್ಲ’ ಅನ್ನೋ ಭಾವ ಕಾಯಿಲೆಯಲ್ಲೇ ಇರುತ್ತೆ. ಗಟ್ಟಿ ಮಾಡ್ಕೊಳ್ಳೋಕೆ ಆಗದೇ ಹೋದಾಗ ಆ ಭಾವಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿದ ಹಾಗಾಗುತ್ತೆ. ಬದಲಿಗೆ ಕೆಲಸವನ್ನು ಚಿಕ್ಕದು ಮಾಡಿ ಕೊಡಿ. ‘ಎದ್ದು ಸ್ನಾನ ಮಾಡು’ ಅಲ್ಲ. ‘ಬಾ, ಮುಖ ತೊಳಿ, ಜಗಲಿ ಮೇಲೆ ಇಬ್ಬರೂ ಕಾಫಿ ಕುಡಿಯೋಣ’. ನಾಳೆ ಐದು ನಿಮಿಷ ಬೀದಿ ತುದಿವರೆಗೆ ನಡಿಗೆ. ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾದರೆ ಮನಸ್ಸು ಬರಲ್ಲ. ಮಾಡಿದ ಮೇಲೆ ನಿಧಾನವಾಗಿ ಬರುತ್ತೆ.

ಬಾಣಂತಿಯರ ವಿಷಯ ಬಿಡಬೇಡಿ. ಹೆರಿಗೆಯಾದ ಮೂರು-ನಾಲ್ಕನೇ ದಿನ ಅಳು ಬರೋದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತೆ. ಆಮೇಲೂ ಇದ್ದರೆ ಅದು ಖಿನ್ನತೆ ಇರಬಹುದು, ತೋರಿಸಬೇಕು. ಬಾಣಂತಿ ಸನ್ನಿ ಅಂದರೆ ಎಲ್ಲರೂ ಹೆದರ್ತಾರೆ, ಯಾಕೆಂದರೆ ಕೂಗಾಟ ಇರುತ್ತೆ. ಸುಮ್ಮನೆ ಗೋಡೆ ನೋಡ್ತಾ ಮಗುವಿಗೆ ಹಾಲೂಡಿಸುವವಳನ್ನು ಯಾರೂ ಗಮನಿಸಲ್ಲ.

ಕೊನೆಯದು, ‘ಸಾಯಬೇಕು ಅನ್ಸುತ್ತಾ?’ ಅಂತ ನೇರವಾಗಿ ಕೇಳೋಕೆ ಕಲಿಸಿ. ಕೇಳಿದರೆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಕೇಳಿದಾಗ ಎಷ್ಟೋ ಜನ ಮೊದಲ ಸಲ ಉಸಿರು ಬಿಟ್ಟು ಹೇಳಿಕೊಳ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕ್ರಿಮಿನಾಶಕ ಮನೆಯಿಂದ ಆಚೆ ಬೀಗ ಹಾಕಿಡಿ, ಮಾತ್ರೆ ಮನೆಯವರ ಕೈಯಲ್ಲಿರಲಿ, ಅವತ್ತೇ ಆಸ್ಪತ್ರೆಗೆ ಹೋಗಿ. ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಮನೆಯವರೂ ಫೋನ್ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅವರು ತಾಲೂಕು ಆಸ್ಪತ್ರೆಗೆ ಮಂಗಳವಾರ ಬರೋ ವ್ಯವಸ್ಥೆ ಇದೆ, ನಿಮ್ಮ ತಾಲೂಕಿನಲ್ಲಿ ಯಾವ ವಾರ ಅಂತ ಮೊದಲೇ ವಿಚಾರಿಸಿಕೊಂಡು ಸಭೆಯಲ್ಲಿ ತಾರೀಖು ಸಮೇತ ಹೇಳಿ.

ಅಂಕಿಅಂಶ_ಓದುಗ:

ಒಂದು ಲೆಕ್ಕ ಸೇರಿಸ್ತೀನಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ (ಕರ್ನಾಟಕ ಅದರಲ್ಲಿ ಇರಲಿಲ್ಲ) ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಖಿನ್ನತೆ ಬಂದಿತ್ತು. ಸಮೀಕ್ಷೆಯ ಹೊತ್ತಿಗೆ ಖಿನ್ನತೆ ಇದ್ದವರಲ್ಲಿ ಶೇ. 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ನಿಮ್ಮ ಸಂಘದಲ್ಲಿ 20 ಜನ ಇದ್ದರೆ ಶೇಕಡಾ ಅನ್ನಬೇಡಿ, ‘ಇಲ್ಲಿ ಕೂತಿರೋ ನಮ್ಮೊಳಗೇ ಒಬ್ಬರಿಗೆ ಬಂದಿರಬಹುದು’ ಅನ್ನಿ. ಹೇಳುವಾಗ ಯಾರ ಮುಖವನ್ನೂ ನೋಡಬೇಡಿ. ಸಭೆ ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ಇರಿ, ಕೇಳಬೇಕು ಅನ್ನಿಸಿದವರು ಆಗ ಹತ್ತಿರ ಬರ್ತಾರೆ.