ಹಲ್ಲಿನ ಹಳೇ ಬ್ರಿಡ್ಜ್ ಅಲ್ಲಾಡ್ತಿದೆ, 32 ಸಾವಿರದ್ದು ಮಾಡಿಸ್ಲಾ 88 ಸಾವಿರದ್ದಾ?

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ):

ಎಲ್ರಿಗೂ ನಮಸ್ಕಾರ. ನಂಗೆ 52 ವರ್ಷ. ಬಲಗಡೆ ಕೆಳದವಡೆಯ ದೊಡ್ಡ ಹಲ್ಲು 2013ರಲ್ಲಿ ಕೀಳಿಸಿದ್ದೆ, ಮುಂದಿನ ವರ್ಷ ಅದರ ಹಿಂದಿನದು ಮುಂದಿನದು ಎರಡನ್ನೂ ಉಜ್ಜಿ ಸಣ್ಣ ಮಾಡಿ ಮೂರು ಕ್ಯಾಪ್ ಒಟ್ಟಿಗೆ ಸೇರಿಸಿದ ಬ್ರಿಡ್ಜ್ ಹಾಕಿದ್ರು, ಒಳಗೆ ಲೋಹ ಮೇಲೆ ಪಿಂಗಾಣಿ ಇರೋದು. ಹಿಂದಿನ ಹಲ್ಲಿಗೆ ಆಗ್ಲೇ ರೂಟ್ ಕೆನಾಲ್ ಆಗಿತ್ತು. ಹತ್ತು ವರ್ಷ ಏನೂ ತಕರಾರಿಲ್ಲ. ಈಗ ಮೂರು ತಿಂಗಳಿಂದ ಆ ಕಡೆ ಏನ್ ತಿಂದ್ರೂ ಸಿಕ್ಕೊಳ್ಳುತ್ತೆ, ಸಂಜೆ ತಿಂದ ಮಂಡಕ್ಕಿ ರಾತ್ರಿ ಮಲಗೋವಾಗ್ಲೂ ನಾಲಿಗೆಗೆ ಸಿಗುತ್ತೆ, ಬೆಳಗ್ಗೆ ಎದ್ರೆ ಬಾಯಲ್ಲಿ ಕೊಳೆತ ವಾಸನೆ, ನಾನು ಮಾತಾಡಿದ್ರೆ ಹೆಂಡ್ತಿ ಮುಖ ಆ ಕಡೆ ತಿರುಗಿಸ್ಕೋತಾಳೆ (ಬಾಯ್ಬಿಟ್ಟು ಹೇಳಲ್ಲ ಪಾಪ). ನೋವು ಮಾತ್ರ ಒಂಚೂರೂ ಇಲ್ಲ.

ಎರಡು ಕಡೆ ತೋರಿಸ್ದೆ. ಒಬ್ರು ಬ್ರಿಡ್ಜ್ ಕತ್ತರಿಸಿ ತೆಗೆದು ಹಿಂದಿನ ಹಲ್ಲಿಗೆ ಮತ್ತೆ ರೂಟ್ ಕೆನಾಲ್ 6,000, ಒಳಗೆ ಪೋಸ್ಟ್ (ಬೇರಿನೊಳಗೆ ಕೂರಿಸೋ ಕಡ್ಡಿ) 2,000, ಮೂರು ಜಿರ್ಕೋನಿಯಾ (ಲೋಹ ಇಲ್ಲದ ಗಟ್ಟಿ ಬಿಳಿ ಪಿಂಗಾಣಿ) ಕ್ಯಾಪ್ ತಲಾ 8,000, ಒಟ್ಟು 32,000 ಅಂದ್ರು. ಇನ್ನೊಬ್ರು ಹಿಂದಿನ ಹಲ್ಲು ಕಿತ್ತು ಎರಡು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲು ಹಾಕೋದು) ಹಾಕಿಸಿ ಅಂತ ತಲಾ 40,000 ಹೇಳಿದ್ರು, ಮುಂದಿನ ಹಲ್ಲಿನ ಕ್ಯಾಪ್ 8,000 ಬೇರೆ. ಮಗಳ ಕಾಲೇಜ್ ಫೀಸು ಕಟ್ಟೋ ತಿಂಗಳು ಬೇರೆ ಇದು. ಹಳೇದನ್ನೇ ಸಿಮೆಂಟ್ ಹಾಕಿ ಕೂರಿಸಿದ್ರೆ ಆಗಲ್ವಾ? ಗೊತ್ತಿರೋರು ಹೇಳ್ರಪ್ಪ.

ಕೋಟೆ ಕಡೆಯೋಳು (ಚಿತ್ರದುರ್ಗ):

ಅಣ್ಣ, ಸಿಮೆಂಟ್ ಕೆಲಸಕ್ಕೆ ಮಾತ್ರ ಹೋಗ್ಬೇಡಿ. ನಂದು ಹಿಂಗೇ ಕಳಚಿತ್ತು, ಒಂದ್ ಕ್ಲಿನಿಕ್‌ನಲ್ಲಿ ಒಳಗೆ ಹುಳುಕು ಐತೋ ಇಲ್ವೋ ನೋಡ್ದೆ 800 ರೂಪಾಯಿಗೆ ಅಂಟಿಸಿ ಕಳಿಸಿದ್ರು, ಆರು ತಿಂಗಳಿಗೆ ಮತ್ತೆ ಬಂತು, ಮತ್ತೆ ಅಂಟಿಸಿದ್ರು, ಮೂರನೇ ಸಲ ಮುದ್ದೆ ತಿನ್ನೋವಾಗ ಬ್ರಿಡ್ಜ್ ಜೊತೆ ಹಲ್ಲಿನ ಅರ್ಧನೂ ಮುರ್ಕೊಂಡು ಕೈಗೆ ಬಂತು. ಮುದ್ದೆ ಅಣ್ಣ, ಕಡ್ಲೆಬೀಜ ಅಲ್ಲ! ಆಮೇಲೆ ನಿಮ್ಮೂರಿನ ಬಾಪೂಜಿ ಡೆಂಟಲ್ ಕಾಲೇಜಿಗೇ ಬಂದು ಮಾಡಿಸ್ಕೊಂಡೆ. ಪಿಜಿ ಮಾಡೋ ಡಾಕ್ಟ್ರು ಮಾಡ್ತಾರೆ, ಹಿಂದೆ ನಿಂತು ಮೇಷ್ಟ್ರು ನೋಡ್ತಾರೆ. ನಂಗೆ ಹೊರಗಡೆಗಿಂತ ಅರ್ಧಕ್ಕಿಂತ ಕಮ್ಮಿಗೆ ಮುಗೀತು, ಆದ್ರೆ ಏಳು ಸಲ ಬಸ್ ಹತ್ತಿದೀನಿ, ಒಂದೊಂದ್ ಸಲ ಅರ್ಧ ದಿನ ಕೂತಿದೀನಿ. ನೀವು ಊರಲ್ಲೇ ಇದೀರಲ್ಲ, ನಿಮಗೇನು.

ಲ್ಯಾಬ್ ಹುಡುಗ:

ಸರ್, ನಾನು ಡಾಕ್ಟರ್ ಅಲ್ಲ, ಕ್ಯಾಪ್ ಬ್ರಿಡ್ಜ್ ಮಾಡೋ ಲ್ಯಾಬ್‌ನಲ್ಲಿದೀನಿ. ಒಂದ್ ಕೆಲಸ ಮಾಡಿ, ಕನ್ನಡಿ ಮುಂದೆ ನಿಂತು ಬ್ರಿಡ್ಜ್‌ನ ಬೆರಳಲ್ಲಿ ಒತ್ತಿ ಬಿಡಿ, ಹಿಂದಿನ ಕ್ಯಾಪಿನ ಅಂಚಲ್ಲಿ ಎಂಜಲಿನ ಗುಳ್ಳೆ ಬಂದ್ರೆ ಆ ಕಡೆ ಸಿಮೆಂಟ್ ಕರಗಿ ಹೋಗಿದೆ ಅಂತ. ಮುಂದಿನ ಹಲ್ಲು ಗಟ್ಟಿ ಹಿಡ್ಕೊಂಡಿರೋದ್ರಿಂದ ಬ್ರಿಡ್ಜ್ ಬೀಳಲ್ಲ, ಒಳಗೆ ಮಾತ್ರ ಕೊಳೀತಾ ಇರುತ್ತೆ. ರೂಟ್ ಕೆನಾಲ್ ಆದ ಹಲ್ಲಲ್ಲಿ ನರ ಇಲ್ವಲ್ಲ, ನೋವೆಲ್ಲಿಂದ ಬರ್ಬೇಕು.

32ನೂ 88ನೂ ಎರಡೂ ಅಂದಾಜು ಸರ್, ಮುಚ್ಚಳ ತೆಗೀದೆ ಪಾತ್ರೆಯೊಳಗೇನಿದೆ ಯಾರಿಗ್ ಗೊತ್ತು. ಕ್ಯಾಪ್ ಇರೋ ಜಾಗ ಎಕ್ಸ್‌ರೇಲಿ ಬರೀ ಬೆಳ್ಳಗೆ ಕಾಣುತ್ತೆ. ಮೊದಲು ಬ್ರಿಡ್ಜ್ ಕತ್ತರಿಸೋಕಷ್ಟೇ ದುಡ್ಡು ಕೊಡಿ. ಹುಳುಕೆಲ್ಲ ಕೆರೆದ ಮೇಲೂ ಒಸಡಿನ ಮೇಲೆ ಸುತ್ತ ಒಂದೂವರೆ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ರೆ ಹೊಸ ಬ್ರಿಡ್ಜ್ ಹಾಕ್ಬಹುದು. ಅದಿಲ್ದೆ ಪೋಸ್ಟ್ ಮೇಲೇ ನಂಬಿಕೆ ಇಟ್ಟು ಕೂರಿಸಿದ್ರೆ 24 ಸಾವಿರದ ಜಿರ್ಕೋನಿಯಾ ಸಮೇತ ಬೇರು ಸೀಳುತ್ತೆ, ಅಂಥವು ನಮ್ ಟೇಬಲ್‌ಗೆ ವಾಪಸ್ ಬರ್ತಿರ್ತವೆ.

ಇನ್ನೊಂದು, ಹಿಂದಿನ ಹಲ್ಲು ಹೋದ್ರೂ ಎರಡು ಇಂಪ್ಲಾಂಟ್ ಬೇಕೇ ಬೇಕು ಅಂತಿಲ್ಲ. ಖಾಲಿ ಇದ್ದ ಜಾಗಕ್ಕೆ ಒಂದು ಹಾಕಿಸಿ ಕೊನೇದನ್ನ ಬಿಟ್ರೂ ಸುಮಾರು ಜನಕ್ಕೆ ಅಗಿಯೋಕೆ ತೊಂದ್ರೆ ಆಗಲ್ಲ, 40+8 ಸೇರಿ 48ಕ್ಕೆ ಬರುತ್ತೆ. ಮೇಲಿನ ಹಲ್ಲು ಕೆಳಗೆ ಇಳಿಯುತ್ತಾ ಅಂತ ಮಾತ್ರ ಡಾಕ್ಟರ್‌ನ ಕೇಳಿ. ಅಲ್ಲಿ ಹಲ್ಲಿಲ್ದೆ ಇಷ್ಟು ವರ್ಷ ಆಗಿರೋದ್ರಿಂದ ಮೂಳೆ ಸವೆದಿರುತ್ತೆ, ಕೆಳಗೆ ನರದ ದಾರಿ ಬೇರೆ ಇದೆ, ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸ್ದೆ ಹೂಂ ಅನ್ಬೇಡಿ.

ಅಡಿಕೆ ತೋಟ (ಚನ್ನಗಿರಿ):

ಶುಗರ್ ಐತಾ ನಿಮಗೆ? ನಂಗೆ ಇಂಪ್ಲಾಂಟ್‌ಗೆ ಮುಂಚೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) ಮಾಡಿಸಿ 8.9 ಐತೆ ಅಂತ ವಾಪಸ್ ಕಳಿಸಿದ್ರು, ಆಗ ಸಿಟ್ಟು ಬಂದಿತ್ತು. ಎಲೆಅಡಿಕೆ ತಂಬಾಕೂ ಬಿಡಿಸಿದ್ರು, ಅಡಿಕೆ ಬೆಳೆಯೋನಿಗೇ! ಹಾಕಿದ್ಮೇಲೂ ಮೂಳೆ ಕಚ್ಚಲಿ ಅಂತ ನಾಲ್ಕು ತಿಂಗಳು ಬಿಟ್ಟು ಕ್ಯಾಪ್ ಕೂರಿಸಿದ್ರು. ಇವತ್ತು ಹೋಗಿ ನಾಳೆ ಬರೋ ಕೆಲಸ ಅಲ್ಲ ಅದು.

ಮಂಡಕ್ಕಿ ಮೆಣಸಿನಕಾಯಿ:

ಲ್ಯಾಬ್ ಬ್ರದರ್, ಗುಳ್ಳೆ ಬಂತು ಕಣ್ರೀ, ಹೆಂಡ್ತಿನೂ ಟಾರ್ಚ್ ಹಿಡಿದು ನೋಡಿದ್ಲು. ನಿನ್ನೆ ಕಾಲೇಜಲ್ಲೇ ಬ್ರಿಡ್ಜ್ ಕತ್ತರಿಸಿದ್ರು, ಮುಕ್ಕಾಲು ಗಂಟೆ ಹಿಡೀತು, ಬಿಚ್ಚಿದ ತಕ್ಷಣ ಬಂದ ವಾಸನೆಗೆ ನಂಗೇ ನಾಚಿಕೆ ಆಯ್ತು. ಮುಂದಿನ ಹಲ್ಲು ಗಟ್ಟಿ ಐತಂತೆ. ಹಿಂದಿನದು ನೆನೆದ ರಟ್ಟಿನ ತರ ಚೂರುಚೂರಾಗಿ ಎದ್ದು ಬಂತು, ಒಸಡಿನ ಮಟ್ಟಕ್ಕಿಂತ ಮೇಲೆ ಏನೂ ಇಲ್ಲ, ಮಂಗಳವಾರ ಕೀಳ್ತಾರೆ. ಮುಂದಿನದಕ್ಕೆ ಸದ್ಯಕ್ಕೆ ಪ್ಲಾಸ್ಟಿಕ್ ಕ್ಯಾಪ್ ಹಾಕಿದಾರೆ. ಇಂಪ್ಲಾಂಟ್ ಒಂದೇ ಸಾಕು ಅಂತ ಅವರೂ ಅಂದ್ರು, ಸ್ಕ್ಯಾನ್ ನೋಡಿ ರೇಟ್ ಹೇಳ್ತಾರಂತೆ. ತೋಟದ ಅಣ್ಣ, ಶುಗರ್ ನಂಗೂ 8.1 ಬಂದೈತೆ, ಹಂಗಾಗಿ ಫೀಸ್ ಕಟ್ಟೋಕೆ ಟೈಮ್ ಸಿಕ್ತು ಅನ್ಕೊಳ್ಳಿ.