ವರ್ನಿಯರ್ ಹಿಡಿಯಕ್ ಬರಲ್ಲ ಅಂತ ಶುರುವಾದ ಜಗಳ

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಸಾಮಾನ್ಯವಾಗಿ ಗುಡ್ ಮಾರ್ನಿಂಗ್ ಹೂವು, ನಾಮಕರಣದ ಫೋಟೋ ಬಿಟ್ರೆ ಏನೂ ಬರಲ್ಲ. ಭಾನುವಾರ ಬೆಳಗ್ಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ರು, ಮಧ್ಯಾಹ್ನ ಮುದ್ದೆ ಆರೋವರ್ಗೂ ಜಗಳ. ಅಳಿಸಿ ಹೋಗೋ ಮುಂಚೆ ಇಲ್ಲಿ ಹಾಕ್ತಿದೀನಿ. ಮಾವ ತೂಬಿನಕೆರೇಲಿ ಲೋಹದ ಪಾರ್ಟ್ ಮಾಡೋ ಫ್ಯಾಕ್ಟರಿ ಇಟ್ಟಿದಾರೆ, ಚಿಕ್ಕಮ್ಮ ಕಾಲೇಜಲ್ಲಿ ಪಾಠ ಮಾಡ್ತಾರೆ, ಚೇತು ಕೆಲಸ ಹುಡುಕ್ತಿರೋ ನಮ್ಮನೆ ಹುಡುಗ. ವರ್ನಿಯರ್ ಅಂದ್ರೆ ಪಾರ್ಟಿನ ಒಳಗೆ, ಹೊರಗೆ ಸಣ್ಣ ಅಳತೆ ತಗೊಳ್ಳೋ ಉಪಕರಣ.

ದೊಡ್ಡಪ್ಪ: (ಫಾರ್ವರ್ಡ್) ಕಾಲೇಜು ಮುಗ್ಸಿದ ಹುಡುಗ್ರಲ್ಲಿ ಅರ್ಧ ಜನ ಕೆಲಸಕ್ಕೇ ಲಾಯಕ್ಕಿಲ್ಲ!! ಸರ್ಕಾರವೇ ಒಪ್ಪಿಕೊಂಡಿದೆ!! ಎಲ್ಲರಿಗೂ ಕಳಿಸಿ

ಮಾವ ತೂಬಿನಕೆರೆ: ನೂರಕ್ಕೆ ನೂರ್ ಸತ್ಯ ಭಾವ. ಹೋದ್ ತಿಂಗ್ಳು ಐದ್ ಹುಡುಗ್ರು ಬಂದಿದ್ರು ಇಂಟರ್‌ವ್ಯೂಗೆ, ಎಲ್ಲಾ ಡಿಪ್ಲೊಮಾ ಮೆಕ್ಯಾನಿಕಲ್ಲು. ಕೈಗೆ ವರ್ನಿಯರ್ ಕೊಟ್ಟು ಈ ಬುಷ್ (ಬಳೆ ತರದ್ ಪಾರ್ಟು) ಒಳಗಡೆ ಡಯಾ, ಅಂದ್ರೆ ಅಗಲ, ಎಷ್ಟದೆ ಹೇಳ್ರಪ್ಪ ಅಂದೆ, ಒಬ್ಬ ಅದ್ನ ತಿರ್ಗಾಮುರ್ಗಾ ನೋಡ್ದ, ಇನ್ನೊಬ್ಬ ಹೊರಗಡೆ ಅಳೆಯೋ ದವಡೆ ತಕ್ಕೊಂಡ್ ಒಳಕ್ ತುರುಕ್ತಾವ್ನೆ 😂 ಇವ್ರಿಗೆ ಕೆಲ್ಸ ಕೊಟ್ಟು ನಾನ್ ಎಲ್ಲಿಗ್ ಹೋಗ್ಲಿ

ನಾನು: ದೊಡ್ಡಪ್ಪ, ಅದು 2023-24ರ ಆರ್ಥಿಕ ಸಮೀಕ್ಷೆದು. ಅದ್ರಲ್ಲಿರೋದು 51.25 ಪರ್ಸೆಂಟ್ ಹುಡುಗ್ರು ಕೆಲಸಕ್ಕೆ ತಯಾರಿದಾರೆ, ಮಿಕ್ಕೋರು ಕಾಲೇಜಿಂದ ನೇರವಾಗಿ ಬಂದಾಗ ಇನ್ನೂ ತಯಾರಿಲ್ಲ ಅಂತ. "ಲಾಯಕ್ಕಿಲ್ಲ" ಬೇರೆ, "ಇನ್ನೂ ತಯಾರಿಲ್ಲ" ಬೇರೆ

ಚಿಕ್ಕಮ್ಮ: ಅಣ್ಣ ನೀನ್ ನಗ್ತಿದೀಯ ಅಲ್ವಾ, ನಮ್ ಲ್ಯಾಬಿಗೆ ಒಂದ್ಸಲ ಬಾ. 60 ಹುಡುಗ್ರಿಗೆ ನಾಲ್ಕು ವರ್ನಿಯರ್, ಅದ್ರಲ್ಲೂ ಒಂದರ ಸ್ಕೇಲ್ ಅಳಿಸಿ ಹೋಗಿದೆ. ಲೇತ್ ನಾನ್ ಓದೋವಾಗ ಇದ್ದದ್ದೇ. ನಿನ್ ಹತ್ರ ಎರಡು ವಿಎಂಸಿ (ಕಂಪ್ಯೂಟರ್ ನಡೆಸೋ, ಲೋಹ ಕೊರೆಯೋ ಮಷೀನು) ಇವೆ, ಒಂದಿನಾದ್ರೂ ಹುಡುಗ್ರನ್ನ ಒಳಗ್ ಬಿಟ್ಟಿದೀಯಾ? ಹೋದ್ ವರ್ಷ ಕೇಳಿದ್ದಕ್ಕೆ ಆಡಿಟ್ ಇದೆ ಅಂದೆ. ಆಡಿಟ್ ಮುಗಿದು ವರ್ಷ ಆಯ್ತು

ಮಾವ ತೂಬಿನಕೆರೆ: ಅಲ್ಲಮ್ಮ ಕಲ್ಸೋಕೆ ಸಂಬ್ಳ ತಗೊಳ್ಳೋರ್ ನೀವು, ಕಲ್ಸದೆ ಕಳ್ಸುದ್ರೆ ಅದ್ನೂ ನಾವೇ ಮಾಡ್ಬೇಕಾ?? ಝಡ್ ಆಫ್‌ಸೆಟ್ (ಟೂಲಿನ ಎತ್ರದ್ ಲೆಕ್ಕ) ಹಾಕೋವಾಗ ದಶಾಂಶದ್ ಪಾಯಿಂಟ್ ಒಂದ್ ಮರ್ತ್ರೆ ಟೂಲ್ ಹೋಗಿ ಪೀಸಿಗೆ ಹೊಡೀತದೆ, ಸ್ಪಿಂಡಲ್ ಹೋದ್ರೆ ಲಕ್ಷದ್ ಮಾತು. ಅಷ್ಟೂ ತಡ್ಕೊಂಡ್ ಒಬ್ಬನ್ಗೆ ಎಂಟ್ ತಿಂಗ್ಳು ಕಲ್ಸುದ್ರೆ ಮೂರ್ ಸಾವ್ರ ಜಾಸ್ತಿ ಕೊಟ್ರು ಅಂತ ಬಿಡದಿಗೆ ಹೊಂಟೋದ. ಒಂದ್ ಮಾತೂ ಹೇಳ್ದಂಗೆ, ಬೀಗ್ದ ಕೈ ಸೆಕ್ಯೂರಿಟಿ ಹತ್ರ ಕೊಟ್ಟು

ದೊಡ್ಡಪ್ಪ: ನಾವು ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಅಪ್ರೆಂಟಿಸ್ ಸೇರಿದಾಗ ಮೂರು ತಿಂಗಳು ಬರೀ ಅರ ಉಜ್ಜಿಸಿದ್ರು. ಚೌಕ ಸರಿ ಬರೋವರ್ಗೂ ಮೇಸ್ತ್ರಿ ಮಾತಾಡ್ಸ್ತಾನೇ ಇರ್ಲಿಲ್ಲ. ಈಗಿನ ಹುಡುಗ್ರಿಗೆ ತಾಳ್ಮೆ ಎಲ್ಲಿದೆ

ನಾನು: ದೊಡ್ಡಪ್ಪ ನೀವೇ ಹೇಳಿದ್ರಲ್ಲ, ನಿಮಗೊಬ್ಬ ಮೇಸ್ತ್ರಿ ಇದ್ದ! ಪಕ್ಕದಲ್ ನಿಂತು ತಿದ್ದೋನು. ಈಗ ಅವನೇ ಇಲ್ಲ. ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾಲಿ ಎಚ್‌ಆರ್ ಕೆಲಸ ಮಾಡೋಳಾಗಿ ಹೇಳ್ತೀನಿ, ಫ್ರೆಶರ್ ಬೇಕು ಅಂತ ಹಾಕ್ತೀವಿ ಕೆಳಗಡೆ ಎರಡು ವರ್ಷ ಅನುಭವ ಅಂತಾನೂ ಹಾಕ್ತೀವಿ, ನಾನೇ ಟೈಪ್ ಮಾಡಿದೀನಿ, ನಾಚಿಕೆ ಆಗತ್ತೆ. ಅದೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಹುಡುಗ್ರು ಬಂದ್ರೆ ಮಷೀನಿಗೆ ಹೆದ್ರಲ್ಲ, ಯಾಕಂದ್ರೆ ಮೂರು ವರ್ಷ ಓದಿ ನಾಲ್ಕನೇ ವರ್ಷ ಪೂರ್ತಿ ಕಂಪನಿಲೇ ಇರ್ತಾರೆ. ಹುಡುಗ್ರೇನು ಬೇರೆ ಊರಿಂದ ಬಂದಿರ್ತಾರಾ, ಅದೇ ಮಳವಳ್ಳಿ ಅದೇ ನಾಗಮಂಗಲ

ಮಾವ ತೂಬಿನಕೆರೆ: ಅದು ದೊಡ್ ಕಂಪ್ನಿಗಳ್ ಕಥೆ ಕಣವ್ವ. ಈ ಕಡೆ ಹುಡುಗ್ರು ಯುವನಿಧಿ 1500 ಬತ್ತದೆ ಅಂತ ಮನೇಲ್ ಕುಂತವ್ರೆ

ಚೇತು: ಮಾವ ಬೇಜಾರ್ ಮಾಡ್ಕೋಬೇಡಿ. 1500ಕ್ಕೆ ಯಾರೂ ಕುಂತಿಲ್ಲ. ಅದು ಪಾಸಾಗಿ 180 ದಿನ ಆದ್ಮೇಲೆ ಶುರು, ಎರಡು ವರ್ಷಕ್ ಮುಗೀತದೆ. ಹೆಣ್ಮಕ್ಳಿಗಾದ್ರೆ ಬಸ್ ಫ್ರೀ, ನಮಗೆ ಇಂಟರ್‌ವ್ಯೂಗೆ ಓಡಾಡೋಕೇ ಆ ದುಡ್ಡು ಸಾಲಲ್ಲ

ಚೇತು: ನಾನು ಆರು ತಿಂಗ್ಳು ಒಂದ್ ಕಡೆ "ಕ್ವಾಲಿಟಿ ಟ್ರೈನಿ" ಆಗಿದ್ದೆ ಗೊತ್ತಲ್ಲ ಎಲ್ರಿಗೂ, ಅಮ್ಮ ಎಲ್ರಿಗೂ ಮೈಸೂರ್ ಪಾಕ್ ಹಂಚಿದ್ಳಲ್ಲ. ಆರು ತಿಂಗ್ಳೂ ರಟ್ಟಿನ್ ಡಬ್ಬಕ್ಕೆ ಟೇಪ್ ಅಂಟ್ಸಿದೀನಿ ಅಷ್ಟೇ. ಡ್ರಾಯಿಂಗ್ ನೋಡ್ಲಾ ಸಾರ್ ಅಂದ್ರೆ ಟಾರ್ಗೆಟ್ ಮುಗ್ಸೋ ಮೊದ್ಲು ಅನ್ನೋರು. ಈಗ ಇಂಟರ್‌ವ್ಯೂಲಿ ಸರ್ಟಿಫಿಕೇಟ್ ನೋಡಿ ಕ್ವಾಲಿಟಿ ಪ್ರಶ್ನೆ ಕೇಳ್ತಾರೆ, ನಾನ್ ಬೆಬ್ಬೆಬ್ಬೆ ಅಂತೀನಿ. ವರ್ನಿಯರ್ ತಿರ್ಗಾಮುರ್ಗಾ ನೋಡಿದ್ನಲ್ಲ ಆ ಹುಡ್ಗ, ಅವ್ನೂ ಹಂಗೇ ಇರ್ಬೋದು ಮಾವ

(ಹತ್ತು ನಿಮಿಷ ಯಾರೂ ಏನೂ ಹಾಕ್ಲಿಲ್ಲ. ಅತ್ತೆ ಒಬ್ರು ಗೊತ್ತಿಲ್ದೆ 👍 ಒತ್ತಿದ್ರು.)

ಚಿಕ್ಕಮ್ಮ: ನಂಗ್ ಗೊತ್ತೇ ಇರ್ಲಿಲ್ಲ ಕಂದ

ನಾನು: ಮಾವ, ನಿಮ್ ಹತ್ರ ಕಾಂಟ್ರ್ಯಾಕ್ಟ್ ಅವ್ರೂ ಸೇರಿ 34 ಜನ ಅಲ್ವಾ? 30 ಇದ್ರೆ ಅಪ್ರೆಂಟಿಸ್ ತಗೊಳ್ಳೇಬೇಕು, 1961ರ ಕಾಯ್ದೆ, 2019ರಲ್ಲಿ ರೂಲ್ ಬದಲಾಯ್ತು, ಕನಿಷ್ಠ ಎರಡೂವರೆ ಪರ್ಸೆಂಟು. ನಿಮ್ ಲೆಕ್ಕಕ್ಕೆ ಒಂದಾಳೂ ಪೂರ್ತಿ ಬರಲ್ಲ, ಒಬ್ಬನ್ನ ತಗೊಂಡ್ರೆ ಸಾಕು. ಆ ರೂಲಲ್ಲಿ ಡಿಪ್ಲೊಮಾಗೆ ಕನಿಷ್ಠ ಸ್ಟೈಪೆಂಡ್ 8000 ಅಂತಿತ್ತು, ಅದ್ರಲ್ಲಿ ಅರ್ಧ ಸರ್ಕಾರದ್ದು, ಸರ್ಕಾರದ ಪೋರ್ಟಲಲ್ಲಿ ರಿಜಿಸ್ಟರ್ ಮಾಡಿದ್ರೆ

ಮಾವ ತೂಬಿನಕೆರೆ: ನಮ್ ಆಡಿಟ್ರು ಇದ್ನ ಹೇಳ್ಲೇ ಇಲ್ವಲ್ಲ

ಚಿಕ್ಕಮ್ಮ: ಅಪ್ರೆಂಟಿಸ್ ಅಂತ ತಗೊಂಡು ಅವ್ರೂ ಟೇಪೇ ಅಂಟ್ಸಿದ್ರೆ? ಏನ್ ಕಲ್ಸ್ತೀವಿ ಅಂತ ತಿಂಗಳ್ ತಿಂಗಳು ಬರೆದು ಗೋಡೆಗ್ ಅಂಟ್ಸಬೇಕು ಅಣ್ಣ. ಮತ್ತೆ ನಿಮ್ ಹಳೇ ರಿಜೆಕ್ಟ್ ಪೀಸು, ಹಳೇ ಡ್ರಾಯಿಂಗು, ತೂಕಕ್ ಹಾಕ್ತೀಯಲ್ಲ, ನಮ್ ಲ್ಯಾಬಿಗ್ ಕೊಡು. ಎಲ್ಲಿ ತಪ್ಪಾಗಿದೆ ಹುಡುಕ್ರೋ ಅಂದ್ರೆ ಅದೇ ಪಾಠ

ಮಾವ ತೂಬಿನಕೆರೆ: ರಿಜೆಕ್ಟ್ ಬೇಕಾದಷ್ಟ್ ಐತೆ 😅 ತಕ್ಕೊಂಡೋಗು. ಹುಡುಗ್ರನ್ ಆಮೇಲ್ ಕಳ್ಸು, ಮೊದ್ಲು ನಿಮ್ ಲೆಕ್ಚರರ್‌ಗಳ್ನ ಒಂದ್ ವಾರ ಕಳ್ಸು, ಅವ್ರು ವಿಎಂಸಿ ಮುಟ್ಟಿ ಎಷ್ಟ್ ವರ್ಷ ಆಯ್ತೋ

ಚಿಕ್ಕಮ್ಮ: ನಾನೇ ಬರ್ತೀನಿ. ಮುಟ್ಟೇ ಇಲ್ಲ ಅಣ್ಣ, ಪಿಪಿಟಿಲಿ ತೋರ್ಸ್ತೀನಿ

ಮಾವ ತೂಬಿನಕೆರೆ: ಏಯ್ ಚೇತು ಸೋಮವಾರ ಎಂಟ್ ಗಂಟೆಗೆ ಬಂದ್ಬುಡು, ಚಪ್ಲಿ ಬ್ಯಾಡ ಶೂ ಹಾಕೊಂಡ್ ಬಾ. ಒಂದೇ ಮಾತು, ಒಂದ್ ವರ್ಷ ಬುಟ್ಟೋಗಾಕಿಲ್ಲ ಅನ್ನು

ಚೇತು: ಸರಿ ಮಾವ. ಪ್ಯಾಕಿಂಗ್‌ಗೆ ಹಾಕಲ್ಲ ಅಂತ ನೀವೂ ಹೇಳಿ, ಗ್ರೂಪಲ್ಲೇ

(ಟೈಪಿಂಗ್ ಅಂತ ಬಂತು, ಹೋಯ್ತು, ಮತ್ತೆ ಬಂತು.)

ಮಾವ ತೂಬಿನಕೆರೆ: ಶನಿವಾರ ಸಂಜೆ ಲಾರಿ ಬಂದ್ರೆ ಎಲ್ರೂ ಪ್ಯಾಕ್ ಮಾಡ್ತಾರೆ ಕಣ್ಲಾ. ನಾನೂ ಮಾಡ್ತೀನಿ